ಸ್ಟಾಫ್ ರೂಮಿನ ಡಬ್ಬಿಯೂ ಗ್ಲೋಬಲ್ ವೇರಿಯಬಲ್ಲೂ

ಗದಗಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಕಿಟಕಿಯಲ್ಲಿ ಒಂದು ದೊಡ್ಡ ಸ್ಟೀಲ್ ಡಬ್ಬಿ ಇತ್ತು. ಅದು ಯಾರದೆಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಎಲ್ಲರದೂ ಆಗಿತ್ತು. ಹೊಂಬಳದಿಂದ ಯಾರಾದರೂ ಹುರಿದ ಶೇಂಗಾ ತಂದರೆ ಅದರಲ್ಲಿ ಸುರಿಯುವರು. ಮುಂಡರಗಿಯ ಮದುವೆಗೆ ಹೋಗಿ ಬಂದವರು ಬುಂದೆ ಉಂಡಿ ಇಡುವರು. ಏನೂ ಇಲ್ಲದ ದಿನ ಚಾಕ್‌ಪೀಸಿನ ತುಂಡುಗಳು ಬಿದ್ದಿರುತ್ತಿದ್ದವು. ಒಮ್ಮೆ ಯಾರೋ ಪುಣ್ಯಾತ್ಮರು ನೋಟಿಸ್ ಬೋರ್ಡಿನ ಗುಂಡುಪಿನ್ನುಗಳನ್ನೆಲ್ಲ ಅದರಲ್ಲಿ ಹಾಕಿಟ್ಟಿದ್ದರು, ಶೇಂಗಾ ಎಂದು ಕೈ ಹಾಕಿದ ಕನ್ನಡದ ಗುರುಗಳ ಬೆರಳಿಗೆ ರಕ್ತ ಬಂದಿತ್ತು.

ಅವತ್ತಿನಿಂದ ಗುರುಗಳು ಡಬ್ಬಿಯನ್ನು ಸುಮ್ಮನೆ ತೆರೆಯುತ್ತಿರಲಿಲ್ಲ. ಎತ್ತಿ ಅಲ್ಲಾಡಿಸುವರು, ಮುಚ್ಚಳದ ಮೇಲೆ ಬೆರಳಿನಿಂದ ತಟ್ಟುವರು, ತೆರೆದು ಇಣುಕುವರು, ಆಮೇಲೆ ಕೈ ಹಾಕುವರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು, ಹಸಿದಾಗ ಇನ್ನೂ ಹೆಚ್ಚು. ಹಿಂದೆ ನಿಂತು, "ಗುರುಗಳ, ಜಲ್ದಿ ತಗೀರಿ, ಶೇಂಗಾ ಅದಾವ" ಎನ್ನುತ್ತಿದ್ದೆ.

"ನಿನ್ನೆ ಶೇಂಗಾ ಇದ್ದುವು, ಖರೆ. ಇವತ್ತೂ ಶೇಂಗಾನ ಅದಾವ ಅಂತ ಯಾರ್ ಹೇಳ್ಯಾರ, ತಂಗಿ?" ಎಂದು ಅವರು ನಿಧಾನಕ್ಕೆ ಕೇಳುವರು.

ನಾನು ಆ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಗದಗ ಧಾರವಾಡದಿಂದ ಬೇರೆಯಾಗಿ ಬಹಳ ವರ್ಷ ಕಳೆದಿದ್ದರೂ ನಮ್ಮಲ್ಲಿ ವಯಸ್ಸಾದವರು ಇನ್ನೂ 'ಹೊಸ ಜಿಲ್ಲಾ' ಎಂದೇ ಹೇಳುತ್ತಿದ್ದ ಕಾಲ ಅದು. ಕನ್ನಡದ ಗುರುಗಳು ಬೆಟಗೇರಿಯವರು, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ಮದುವೆಯಾಗಿರಲಿಲ್ಲ. ತಾಯಿಯ ಜೊತೆ ಇದ್ದವರು. ಆ ಅಜ್ಜಿ ತೀರಿಕೊಂಡಾಗ ನಾವೆಲ್ಲ ಒಂದೇ ಟೆಂಪೋದಲ್ಲಿ ಬೆಟಗೇರಿಗೆ ಮಣ್ಣಿಗೆ ಹೋಗಿ ಬಂದಿದ್ದೆವು. ಗುರುಗಳಿಗೆ ಗಟ್ಟಿಯಾಗಿ ಮಾತಾಡುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಹಸಿದಾಗ ನಾನೊಬ್ಬಳು, ಅದೂ ಡಬ್ಬಿಯ ವಿಷಯಕ್ಕೆ ಮಾತ್ರ.

ಆ ವರ್ಷ ಕೆಮಿಸ್ಟ್ರಿ ಕಲಿಸುವ ನನ್ನ ಗೆಳತಿ ಹೆರಿಗೆ ರಜೆ ಮುಗಿಸಿ ಬಂದಳು. ಅವಳ ಮನೆ ಶಿರಹಟ್ಟಿ. ಮನೆಯವರದು ಬಳೆ ಅಂಗಡಿ. ಕೂಸನ್ನು ಹಗಲೆಲ್ಲ ಅತ್ತೆ ನೋಡಿಕೊಳ್ಳುತ್ತಿದ್ದರು, ಸಂಜೆಯಾದರೆ ಅವರು ಅಂಗಡಿಯಲ್ಲಿ ಕೂರಲೇಬೇಕು, ಬಳೆ ಇಡಿಸಿಕೊಳ್ಳುವ ಹೆಂಗಸರು ಬರುವುದೇ ಆಗ. ನಮ್ಮಲ್ಲಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಕೊನೆಯ ಪೀರಿಯಡ್ಡುಗಳಿಗೆ ಬೀಳುತ್ತಿತ್ತು. ಅದು ಮುಗಿಸಿ ಬಸ್ ಹಿಡಿದು ಊರು ಮುಟ್ಟುವ ಹೊತ್ತಿಗೆ ಕೂಸು ಅತ್ತು ಅತ್ತು ಅಂಗಡಿಯ ಚಾಪೆಯ ಮೇಲೆಯೇ ಮಲಗಿಬಿಟ್ಟಿರುತ್ತಿತ್ತು.

"ಅಕ್ಕಾರ, ಬೆಳಗ್ಗೆ ಎಷ್ಟೊತ್ತಿಗಿ ಕರದ್ರೂ ಬರ್ತೀನ್ರಿ. ಕಡೀ ಪೀರಿಯಡ್ ಒಂದು ಬಿಡಿಸಿಕೊಟ್ರ ಸಾಕು, ಮೊದಲಿನ ಬಸ್ ಸಿಗತೈತಿ" ಎಂದಳು. "ಇಲ್ಲಂದ್ರ ನೌಕರಿ ಬಿಡೂದ. ಮನ್ಯಾಗ ಎಲ್ಲಾರೂ ಅದನ್ನ ಹೇಳಾಕತ್ಯಾರ" ಎಂದು ಸೇರಿಸಿದಳು. ಲಕ್ಷ್ಮೇಶ್ವರದ ತವರುಮನೆಯಲ್ಲಿ ಅವಳಷ್ಟು ಓದಿದ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ. ಅವಳು ಕಲಿಸುವುದನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿದ್ದೇನೆ. ಅಂಥವಳು ಒಂದು ಬಸ್ಸಿಗಾಗಿ ಮನೆಗೆ ಹೋಗಿ ಕೂರುವುದನ್ನು ನಾನು ಸುಮ್ಮನೆ ನೋಡುವವಳಲ್ಲ.

ಟೈಂಟೇಬಲ್ ಮಾಡುತ್ತಿದ್ದವರು ಉಪಪ್ರಾಚಾರ್ಯರು. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಪೆನ್ಸಿಲ್ಲು, ರಬ್ಬರು, ವಾರಗಟ್ಟಲೆ ಕೆಲಸ. ನಾನು ಕೇಳಿದ್ದಕ್ಕೆ ತಲೆ ಎತ್ತದೆಯೇ ಹೇಳಿದರು: "ಕೂಡೂದಿಲ್ರಿ ಮೇಡಂ. ನೋಡೇನಿ. ಒಂದು ಎಳಿ ಎಳದ್ರ ಇಡೀ ಸೀರಿ ಬಿಚ್ಚತೈತಿ."

"ನೀವು ಎಲ್ಲಾ ತರಾ ಜೋಡಿಸಿ ನೋಡೀರೇನ್ರಿ?"

"ಎಲ್ಲಾ ತರಾ ನೋಡಾಕ ನಾನೇನು ಕಂಪ್ಯೂಟರ್ರ?"

"ಹಂಗಾರ ಕಂಪ್ಯೂಟರಿಗೇ ಕೇಳ್ತೀನಿ. ಸೋಮವಾರ ನೋಟಿಸ್ ಬೋರ್ಡಿಗೆ ಹಚ್ಚೂದರಾಗ ಹೇಳ್ತೀನಿ" ಎಂದು ಎದ್ದು ಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬೇಸಿಗೆ ರಜೆಯಲ್ಲಿ ನಾನೊಂದು ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದೆ. ಡೈನಾಮಿಕ್ ಭಾಷೆ. ಅಂದರೆ ಒಂದು ಹೆಸರು ಇಟ್ಟುಕೊಂಡರೆ ಸಾಕು, ಅದರಲ್ಲಿ ಅಂಕಿ ಇರುತ್ತದೋ ಅಕ್ಷರ ಇರುತ್ತದೋ ಎಂದು ಮೊದಲೇ ಬರೆದುಕೊಡಬೇಕಿಲ್ಲ. ಇವತ್ತು ಅಂಕಿ ಇಟ್ಟ ಹೆಸರಿನಲ್ಲಿ ನಾಳೆ ಇಡೀ ವಾಕ್ಯ ಇಟ್ಟರೂ ಅದು ತಕರಾರು ಮಾಡುವುದಿಲ್ಲ. ಅಷ್ಟು ಸಲಿಗೆ ಕೊಟ್ಟೂ ಅದು ಬಹಳ ಚುರುಕು ಎಂದು ಕಲಿಸಿದವರು ಹೊಗಳಿದ್ದರು. ಶನಿವಾರ ಮಧ್ಯಾಹ್ನ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು ಬರೆದೆ. ಎಲ್ಲಕ್ಕಿಂತ ಮೇಲೆ ಎಲ್ಲವನ್ನೂ ಹರವಿಟ್ಟೆ: ಯಾರು ಯಾರು, ಯಾವ ತರಗತಿ, ಎಷ್ಟು ಪೀರಿಯಡ್, ಲ್ಯಾಬ್ ಯಾವಾಗ ಖಾಲಿ, ಯಾರಿಗೆ ಯಾವ ನಿಯಮ. ಕೆಳಗಿನ ಫಂಕ್ಷನ್ನುಗಳು, ಅಂದರೆ ಒಂದೊಂದು ಕೆಲಸಕ್ಕೆಂದು ಬರೆದ ತುಣುಕುಗಳು, ಬೇಕಾದಾಗ ಮೇಲೆ ನೋಡಿ ಎತ್ತಿಕೊಳ್ಳಲಿ ಎಂದು. ಇಂಥ ಎಲ್ಲರ ಕೈಗೂ ಸಿಗುವ ಹೆಸರುಗಳನ್ನೇ ಗ್ಲೋಬಲ್ ವೇರಿಯಬಲ್ ಎನ್ನುತ್ತಾರೆ. ಪ್ರೋಗ್ರಾಮಿನ ಕೆಲಸ ಸರಳ. ಒಬ್ಬೊಬ್ಬರನ್ನೇ ಒಂದೊಂದು ಪೀರಿಯಡ್ಡಿಗೆ ಕೂರಿಸುತ್ತ ಹೋಗುವುದು, ತಿಕ್ಕಾಟ ಬಂದರೆ ಹಿಂದೆ ಸರಿದು ಬೇರೆ ಕಡೆ ಕೂರಿಸುವುದು, ಕೂಡುವ ತನಕ ಅಥವಾ ಯಾವ ದಾರಿಯೂ ಉಳಿಯದ ತನಕ.

ಓಡಿಸಿದೆ. ಚಹಾ ಕುಡಿದು ಬಂದೆ, ಓಡುತ್ತಲೇ ಇತ್ತು. ಗೆಳತಿ ತನ್ನ ಬಸ್ಸಿಗೆ ಹೋದಳು, ಓಡುತ್ತಲೇ ಇತ್ತು. ಉಪಪ್ರಾಚಾರ್ಯರು ಬಾಗಿಲಲ್ಲಿ ಇಣುಕಿ, "ಏನಂತೈತ್ರಿ ನಿಮ್ಮ ಕಂಪ್ಯೂಟರು?" ಎಂದು ನಕ್ಕರು. ಅಷ್ಟರಲ್ಲಿ ಕರೆಂಟ್ ಹೋಗಿ ಎಲ್ಲ ಮುಗಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಯಂತ್ರವನ್ನು ಎತ್ತಿ ಭೀಷ್ಮನ ಕೆರೆಗೆ ಎಸೆಯಬೇಕು ಅನ್ನಿಸಿತ್ತು.

ಭಾನುವಾರ ಬೆಳಿಗ್ಗೆ ಸಿಟ್ಟು ಇಳಿದ ಮೇಲೆ ಮತ್ತೆ ಕಂಪ್ಯೂಟರ್ ಲ್ಯಾಬಿಗೆ ಹೋಗಿ ಆ ಭಾಷೆಯ ಕೈಪಿಡಿ ತೆರೆದೆ. ವೇಗ ಬೇಕಾದವರು ಏನು ಮಾಡಬೇಕು ಎನ್ನುವ ಅಧ್ಯಾಯದ ಆರಂಭದಲ್ಲೇ, ಮೊದಲು ಗ್ಲೋಬಲ್ ವೇರಿಯಬಲ್ಲುಗಳಿಂದ ದೂರವಿರಿ ಎಂಬ ಮಾತಿತ್ತು. ನಾನು ಸೀದಾ ಅಡುಗೆ ಮಾಡಲು ಹೋಗಿ ಅಕ್ಕಿ ತೊಳೆಯಲು ಮರೆತವಳು.

ಅಲ್ಲಿ ಓದಿದ್ದನ್ನು ಇವತ್ತಿಗೂ ಮೆಚ್ಚಿಕೊಂಡೇ ನೆನೆಯುತ್ತೇನೆ. ನಾವು ಬರೆದದ್ದನ್ನು ಯಂತ್ರದ ಮಾತಿಗೆ ತಿರುಗಿಸುವುದು ಕಂಪೈಲರ್. ಅಂಕಿಯೋ ಅಕ್ಷರವೋ ಎಂಬ ಬಗೆಯನ್ನು ನಾವು ಹೇಳದಿದ್ದರೂ ಅದು ತಾನೇ ತಿಳಿದುಕೊಳ್ಳಲು ಹೆಣಗುತ್ತದೆ. ಒಂದು ಫಂಕ್ಷನ್ನಿನ ಕೈಗೆ ಏನು ಕೊಟ್ಟೆವೆಂದು ನೋಡುತ್ತದೆ. ಅಂಕಿ ಕೊಟ್ಟರೆ, ಅಂಕಿಗೆ ಅಂಕಿ ಕೂಡಿದರೆ ಅಂಕಿಯೇ, ಅದನ್ನು ಇನ್ನೊಂದಕ್ಕೆ ಹೋಲಿಸಿದರೆ 'ಹೌದು' ಅಥವಾ 'ಅಲ್ಲ', ಹೀಗೆ ಸಾಲಿನಿಂದ ಸಾಲಿಗೆ ತರ್ಕ ಹೂಡುತ್ತ ಕೊನೆಯವರೆಗೆ ಹೋಗುತ್ತದೆ. ಇದನ್ನೇ ಟೈಪ್ ಇನ್ಫರೆನ್ಸ್ ಎನ್ನುವುದು. ಎಲ್ಲ ಖಚಿತವಾದರೆ ಆ ಬಗೆಗೆಂದೇ ಹೊಲಿದ ಚುರುಕಾದ ಕೋಡ್ ತಯಾರಿಸುತ್ತದೆ, ಆಮೇಲೆ ಅನುಮಾನಕ್ಕೆ ಎಡೆಯೇ ಇಲ್ಲ. ಆದರೆ ನಡುವೆ ಒಂದು ಗ್ಲೋಬಲ್ ಹೆಸರು ಬಂತೋ, ತರ್ಕದ ದಾರ ಅಲ್ಲೇ ಕಡಿಯುತ್ತದೆ. ಆ ಹೆಸರಿನಲ್ಲಿ ಈಗ ಅಂಕಿ ಇರಬಹುದು. ಆದರೆ ಅದು ಎಲ್ಲರಿಗೂ ತೆರೆದದ್ದು. ಪ್ರೋಗ್ರಾಮಿನ ಯಾವ ಮೂಲೆಯಿಂದಾದರೂ, ಯಾರಾದರೂ, ಯಾವ ಗಳಿಗೆಯಲ್ಲಾದರೂ ಅದರಲ್ಲಿ ಬೇರೆ ಏನನ್ನಾದರೂ ಇಡಬಹುದು. ಹಾಗಾಗಿ ಕಂಪೈಲರ್ ಊಹಿಸಲು ಒಪ್ಪುವುದಿಲ್ಲ. ಆ ಹೆಸರು ಬಂದಾಗಲೆಲ್ಲ ನಿಂತು, ತೆರೆದು, ಏನಿದೆ ಎಂದು ನೋಡಿ, ಅದಕ್ಕೆ ತಕ್ಕ ದಾರಿ ಹುಡುಕಿ ಮುಂದೆ ಹೋಗುವ ಕೋಡನ್ನೇ ಬರೆಯುತ್ತದೆ. ನನ್ನ ಪ್ರೋಗ್ರಾಂ ಪ್ರತಿ ಹೆಜ್ಜೆಗೂ ಮೇಲಿನ ಹೆಸರುಗಳನ್ನು ಎತ್ತುತ್ತಿತ್ತು. ಅದು ತೆವಳದೆ ಇನ್ನೇನು ಮಾಡೀತು?

ಕಂಪೈಲರ್ ಒಂದು ಫಂಕ್ಷನ್ನನ್ನು ಹೇಗೆ ಅರ್ಥ ಮಾಡಿಕೊಂಡಿದೆ ಎಂದು ತೋರಿಸುವ ಸೌಲಭ್ಯವೂ ಆ ಭಾಷೆಯಲ್ಲಿತ್ತು. ತೆರೆದು ನೋಡಿದರೆ ಪರದೆಯ ತುಂಬ ಕೆಂಪು. ತಿಳಿಯದ ಕಡೆಯಲ್ಲೆಲ್ಲ ಅದು 'ಏನಾದರೂ ಇರಬಹುದು' ಎಂಬ ಅರ್ಥದ ಪದವನ್ನು ಕೆಂಪಕ್ಷರದಲ್ಲಿ ಹಾಕಿತ್ತು. ನಾನು ಒಬ್ಬಳೇ ಕೂತು ನಕ್ಕೆ. ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತ ನಿಂತ ನಮ್ಮ ಗುರುಗಳೇ ಕಣ್ಣಿಗೆ ಕಟ್ಟಿದರು. ಅದು ಮಂದಬುದ್ಧಿಯಲ್ಲ, ಪ್ರಾಮಾಣಿಕತೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಸಾಗಹಾಕುವವರ ನಡುವೆಯೇ ನೌಕರಿ ಮಾಡಿದ ನನಗೆ ಆ ಕೆಂಪಕ್ಷರಗಳ ಮೇಲೆ ಗೌರವ ಹುಟ್ಟಿತು.

ಫೋನಿನಲ್ಲಿ ಗೆಳತಿಗೆ ಹೇಳಿದೆ. ಅವಳಿಗೆ ತಟ್ಟನೆ ಹೊಳೆಯಿತು. "ಅಂದ್ರ ಅಕ್ಕಾರ, ಡಬ್ಬ್ಯಾಗ ಇಟ್ರ ನೋಡಿ ತಿನ್ನಬೇಕು. ಕೈಯಾಗ ಮಿರ್ಚಿ ಭಜಿ ಅಂತ ಹೇಳಿ ಕೊಟ್ರ ಸೀದಾ ಬಾಯಿಗೆ."

"ಅಷ್ಟ ನೋಡು" ಎಂದೆ. ಅಧ್ಯಾಯವಿಡೀ ಅವಳ ಒಂದು ಮಾತಿನಲ್ಲಿ ಬಂದುಬಿಟ್ಟಿತ್ತು.

ದಾರಿ ಎರಡಿದ್ದವು. ಬದಲಾಗಬಹುದಾದದ್ದನ್ನೆಲ್ಲ ಮೇಲೆ ಹರವದೆ ಫಂಕ್ಷನ್ನಿನ ಕೈಗೇ ಕೊಡುವುದು ಒಂದು. ಇನ್ನೊಂದು, ಎಂದೂ ಬದಲಾಗದ ಗ್ಲೋಬಲ್ ಹೆಸರಿನ ಮುಂದೆ 'ಕಾನ್ಸ್ಟ್' ಎಂದು ಬರೆಯುವುದು. ಅಂದರೆ, ಇದು ಸ್ಥಿರ, ಇದನ್ನು ಮುಟ್ಟುವುದಿಲ್ಲ ಎಂದು ನಾವು ಕೊಡುವ ಭಾಷೆ. ಭಾಷೆ ಕೊಟ್ಟರೆ ಕಂಪೈಲರ್ ನಂಬುತ್ತದೆ, ಮತ್ತೆ ತೆರೆದು ನೋಡುವುದಿಲ್ಲ. ತರಗತಿಗಳನ್ನು, ಹಂಚಿಕೆಯನ್ನು ಫಂಕ್ಷನ್ನಿನ ಕೈಗೆ ಕೊಟ್ಟೆ. ದಿನಕ್ಕೆ ಎಷ್ಟು ಪೀರಿಯಡ್, ಊಟದ ಬಿಡುವು ಯಾವಾಗ ಎಂಬಂಥವಕ್ಕೆ ಕಾನ್ಸ್ಟ್ ಹಾಕಿದೆ. ಹಾಗೇ ಹಾಕುತ್ತ ಹೋಗುವಾಗ ಇನ್ನೊಂದು ನಿಯಮ ಬಂತು: ಕನ್ನಡದ ಗುರುಗಳಿಗೆ ಮೊದಲ ಪೀರಿಯಡ್ ಇಲ್ಲ.

ಈ ನಿಯಮ ನಾನು ಕೆಲಸಕ್ಕೆ ಸೇರುವುದಕ್ಕಿಂತ ಹಳೆಯದು. ಸೇರಿದ ಹೊಸದರಲ್ಲಿ ಉಪಪ್ರಾಚಾರ್ಯರು, "ಗುರುಗಳಿಗೆ ಮೊದಲನೇದು ಹಾಕೂದಿಲ್ಲ" ಎಂದಿದ್ದರು. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪ್ರತಿ ಬೆಳಿಗ್ಗೆ ನಾವೆಲ್ಲ ಹಾಜರಿ ಪುಸ್ತಕ ಹಿಡಿದು ಓಡುವಾಗ ಗುರುಗಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುತ್ತ ಕೂತಿರುತ್ತಿದ್ದರು. ಪುಣ್ಯವಂತರು, ಹಿರಿತನದ ಗತ್ತು ಎಂದುಕೊಂಡು ಓಡುತ್ತಿದ್ದೆವು. ಸೂರ್ಯ ಮೂಡುವುದರಷ್ಟೇ ಖಚಿತವಾದ ಸಂಗತಿ ಎಂದು ಅದಕ್ಕೂ ಕಾನ್ಸ್ಟ್ ಹಾಕಿದೆ.

ಓಡಿಸಿದೆ. ಕುರ್ಚಿ ಹಿಂದೆ ಸರಿಸಿ ಏಳುವುದರೊಳಗೆ ಮುಗಿದುಹೋಗಿತ್ತು. ಹಿಂದಿನ ದಿನ ಮಧ್ಯಾಹ್ನವೆಲ್ಲ ಹೆಣಗಿದ ಕೆಲಸ! ಪರದೆಯಲ್ಲಿ ಕೆಂಪು ಒಂದು ಚುಕ್ಕೆಯೂ ಇಲ್ಲ. ಖುಷಿಯಿಂದ ಚಪ್ಪಾಳೆ ತಟ್ಟಿ ಉತ್ತರ ಓದಿದೆ. ಕೂಡುವುದಿಲ್ಲ. ಎಲ್ಲ ದಾರಿಗಳನ್ನೂ ನೋಡಿಯಾಯಿತು, ಒಂದೂ ಇಲ್ಲ.

ಉಪಪ್ರಾಚಾರ್ಯರು ಹೇಳಿದ್ದೂ ಅದೇ. ನನಗೆ ಅಳು ಬಂತು. ಇಷ್ಟು ಚುರುಕಾಗಿ 'ಇಲ್ಲ' ಎನ್ನಿಸಿಕೊಳ್ಳುವುದಕ್ಕಿಂತ ನಿನ್ನೆಯ ತೆವಳುವಿಕೆಯೇ ಮೇಲಿತ್ತು, ಆಗ ಆಸೆಯಾದರೂ ಇತ್ತು. ಗೆಳತಿಗೆ ಫೋನ್ ಮಾಡಿ ಹೇಳಿದಾಗ ಆ ಕಡೆ ಕೂಸಿನ ಸದ್ದು ಕೇಳುತ್ತಿತ್ತು. ಅದನ್ನು ರಮಿಸುತ್ತಲೇ ಅವಳು ಕೇಳಿದಳು: "ಯಾವುದು ಅಡ್ಡ ಬರತೈತಿ ಅಂತ ಅದಕ್ಕ ಕೇಳಾಕ ಬರತೈತೇನ್ರಿ ಅಕ್ಕಾರ?"

ಬರುತ್ತಿತ್ತು! ವೇಗ ಬಂದದ್ದರ ನಿಜವಾದ ಲಾಭ ಅದು. ಒಂದು ಪ್ರಶ್ನೆಗೆ ಒಂದು ಮಧ್ಯಾಹ್ನ ಬೇಕಾದಾಗ ಎರಡನೆಯ ಪ್ರಶ್ನೆ ಕೇಳುವ ಧೈರ್ಯ ಯಾರಿಗಿರುತ್ತದೆ? ಒಂದೊಂದೇ ನಿಯಮ ಸಡಿಲಿಸಿ ಓಡಿಸಿದೆ. ನನ್ನವೇ ಮೊದಲು ತೆಗೆದೆ, ಕೂಡಲಿಲ್ಲ. ಲ್ಯಾಬಿನದು ತೆಗೆದೆ, ಕೂಡಲಿಲ್ಲ. ಗುರುಗಳದಕ್ಕೆ ಬಂದಾಗ ಕಂಪೈಲರ್ ಗದರಿತು. ಸ್ಥಿರ ಎಂದು ಹೇಳಿದ್ದನ್ನು ಬದಲಿಸುತ್ತಿದ್ದೀರಿ ಎಂಬ ಎಚ್ಚರಿಕೆ ಪರದೆಗೆ ಬಂತು. ಸ್ಟಾಫ್ ರೂಮಿನಲ್ಲೇ ಯಾರೋ ಗದರಿದ ಹಾಗೆ ನಾನು ಅತ್ತ ಇತ್ತ ನೋಡಿದೆ. ಪ್ರೋಗ್ರಾಮನ್ನು ಮುಚ್ಚಿ, ಆ ಸಾಲನ್ನು ತೆಗೆದು, ಹೊಸದಾಗಿ ಓಡಿಸಿದೆ. ಟೈಂಟೇಬಲ್ ಬಂತು. ಗುರುಗಳ ಕನ್ನಡ ಮೊದಲಿಗೆ ಬಂದರೆ ಕೆಮಿಸ್ಟ್ರಿ ಪ್ರಾಕ್ಟಿಕಲ್ಲುಗಳು ಊಟಕ್ಕೆ ಮೊದಲೇ ಮುಗಿಯುತ್ತಿದ್ದವು, ಗೆಳತಿಯ ಕೊನೆಯ ಪೀರಿಯಡ್ ವಾರವಿಡೀ ಖಾಲಿ.

ಸೋಮವಾರ ಬೆಳಿಗ್ಗೆ ಬೇಗನೆ ಹೋಗಿ ಉಪಪ್ರಾಚಾರ್ಯರಿಗೆ ತೋರಿಸಿದೆ. ಬೆರಳಿಟ್ಟು ಸಾಲು ಸಾಲಾಗಿ ನೋಡಿದರು. "ಭಾರಿ ಆಗೈತ್ರಿ ಮೇಡಂ" ಎಂದರು, ಮನಸ್ಸಿನಿಂದಲೇ. ಮೊದಲ ಕಾಲಮ್ಮಿನಲ್ಲಿ ಗುರುಗಳ ಹೆಸರು ಕಂಡೊಡನೆ ಬೆರಳು ನಿಂತಿತು. "ಇದಾಗೂದಿಲ್ಲ. ನಾನಂತೂ ಕೇಳೂದಿಲ್ಲ. ಅವರು ನನಗೂ ಕಲಿಸಿದವರ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಸ್ಟಾಫ್ ರೂಮಿಗೆ ಹೋದೆ. ಗುರುಗಳು ಎಂದಿನಂತೆ ಪೇಪರ್ ಹಿಡಿದಿದ್ದರು. ಬೇರೆ ಯಾರೂ ಬಂದಿರಲಿಲ್ಲ. ಬಾಗಿಲ ಬಳಿ ಗೆಳತಿ ಬ್ಯಾಗನ್ನೂ ಕೆಳಗಿಡದೆ ನಿಂತಿದ್ದಳು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

"ಗುರುಗಳ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೊದಲನೇ ಪೀರಿಯಡ್ ನೀವು ತಗೊಂಡ್ರ ಈಕಿ ಕೂಸಿಗೆ ಸಂಜಿಗೆ ತಾಯಿ ಸಿಗ್ತಾಳ. ಇಲ್ಲಂದ್ರ ಈಕಿ ನೌಕರಿ ಬಿಡ್ತಾಳ."

ಗುರುಗಳು ಪೇಪರ್ ಮಡಚಿದರು. ನನ್ನನ್ನು, ಬಾಗಿಲಲ್ಲಿದ್ದ ಅವಳನ್ನು ನೋಡಿದರು. ಸಿಟ್ಟು ಇರಲಿಲ್ಲ, ಆಶ್ಚರ್ಯ ಇತ್ತು.

"ತಗೋಬ್ಯಾಡ ಅಂದವರು ಯಾರು, ತಂಗಿ?"

ನಾನು ಎದುರಿನ ಕುರ್ಚಿ ಎಳೆದು ಕೂತೆ.

"ಅವ್ವ ಹಾಸಿಗಿ ಹಿಡಿದಾಗ ನಾನ ಕೇಳ್ಕೊಂಡಿದ್ದೆ, ಖರೆ. ಮುಂಜಾನೆ ಆಕಿಗೆ ನೀರ ಎರದು, ಗಂಜಿ ಕುಡಿಸಿ ಬರೂದರಾಗ ಹೊತ್ತಾಗ್ತಿತ್ತು. ಅವ್ವ ಹೋದ ಮ್ಯಾಲೆ ನೀವು ಹಾಕ್ತೀರಿ ಅಂತ ದಾರಿ ನೋಡಿದೆ. ಹಾಕಲಿಲ್ಲ. ವಯಸ್ಸಾತು, ಇನ್ನ ಇಂವ ಮುಂಜಾನಿ ಹುಡುಗರಿಗೆ ಬ್ಯಾಡ ಅಂದಿರಬೇಕು ಅಂದ್ಕೊಂಡೆ. ಹಂಗ ಅಂದಾರೇನು ಅಂತ ಹ್ಯಾಂಗ ಕೇಳಲಿ?" ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, "ಆ ಹೊತ್ತಿಗೆ ಓಣ್ಯಾಗ ಮಗ್ಗದ ಸಪ್ಪಳ ಶುರುವಾಗಿರ್ತೈತಿ. ನಮ್ಮ ಮನ್ಯಾಗ ಏನೂ ಇರೂದಿಲ್ಲ. ಅದಕ್ಕ ಇಲ್ಲಿ ಬಂದು ಕುಂಡ್ರತೀನಿ" ಎಂದರು.

ಆ ಅಜ್ಜಿಯ ಮಣ್ಣಿಗೆ ನಾವೆಲ್ಲ ಹೋಗಿದ್ದೆವು. ಗುರುಗಳ ಜೊತೆ ಕಣ್ಣೊರೆಸಿಕೊಂಡು ಬಂದವರೇ ಪ್ರತಿ ವರ್ಷ ಟೈಂಟೇಬಲ್ಲಿನಲ್ಲಿ ಅವರ ಮೊದಲ ಪೀರಿಯಡ್ಡಿನ ಮನೆ ಖಾಲಿ ಉಳಿಯಲು ಬಿಟ್ಟಿದ್ದೆವು. ಗೌರವ ಎಂದುಕೊಂಡು ನಾವು ಕೇಳಲಿಲ್ಲ, ಮರ್ಯಾದೆ ಎಂದುಕೊಂಡು ಅವರು ಕೇಳಲಿಲ್ಲ. ನನ್ನ ಕಂಪೈಲರ್ ಮಾತ್ರ, ಭಾಷೆ ಕೊಡದ ಯಾವುದನ್ನೂ ಸ್ಥಿರ ಎಂದು ನಂಬದೆ ಪ್ರತಿ ಸಲವೂ ತೆರೆದು ನೋಡುತ್ತಿತ್ತು. ಅದನ್ನು ನಾನು ಮಂದ ಎಂದು ಬೈದಿದ್ದೆ.

ಗೆಳತಿ ಒಳಗೆ ಬಂದು, "ಗುರುಗಳ, ನಿಮಗ ತ್ರಾಸ ಆಗೂದಿಲ್ಲಲ್ರಿ?" ಎಂದು ಕೇಳಿದಳು.

"ಯಾವ ತರಗತಿ ಅಂತ ಹೇಳ್ರೀ ಮೊದಲ" ಎಂದು ಅವರು ಎದ್ದುನಿಂತರು. ಟೈಂಟೇಬಲ್ ಇನ್ನೂ ಬೋರ್ಡಿಗೆ ಹಚ್ಚಿರಲಿಲ್ಲ, ಗಂಟೆಯೂ ಹೊಡೆದಿರಲಿಲ್ಲ. ಡಬ್ಬಿಯ ಹತ್ತಿರ ಹೋಗಿ ಅಭ್ಯಾಸದಂತೆ ಅಲ್ಲಾಡಿಸಿ, ತಟ್ಟಿ, ತೆರೆದು ನೋಡಿ, ಎರಡು ಚಾಕ್‌ಪೀಸು ಎತ್ತಿಕೊಂಡು ಹೊರಟರು. ಆ ದಿನ ಹಿಂದೆ ನಿಂತು ನಾನು ಅವಸರ ಮಾಡಲಿಲ್ಲ.

ಮಧ್ಯಾಹ್ನ ಗೆಳತಿ ಲ್ಯಾಬಿನ ಕೀಲಿ ಕೊಟ್ಟು, ಹೊರಡಲೋ ಬೇಡವೋ ಎಂಬಂತೆ ಸ್ಟಾಫ್ ರೂಮಿನಲ್ಲಿ ತಡೆದು ನಿಂತಳು. ಎಲ್ಲರೂ ಕೆಲಸದಲ್ಲಿರುವಾಗ ಎದ್ದು ಹೋಗಲು ಅವಳಿಗೆ ಸಂಕೋಚ. ಗುರುಗಳು ತಿದ್ದುತ್ತಿದ್ದ ಪೇಪರುಗಳಿಂದ ತಲೆ ಎತ್ತಿ ಗಡಿಯಾರ ನೋಡಿದರು.

"ನಡಿಯವ್ವ, ಬಸ್ ಹೋದೀತು" ಎಂದರು. "ಮನ್ಯಾಗ ನಮ್ಮ ದಾರಿ ಕಾಯೋ ಜೀವ ಇದ್ದಾಗ ತಡಾ ಮಾಡಬಾರದು."